ಆ ಚೌಕುಳಿಯಲ್ಲೇ ನಿಮ್ಮ ಬಣ್ಣ ಇದೆ

ಪ್ರಶ್ನೆ: ಸರ್, ನಾನು ಶಿಡ್ಲಘಟ್ಟದ ಹತ್ತಿರ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ಹತ್ತಿರ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಇದೆ. ಫೋಕಲ್ ಲೆಂತ್ 1200 ಮಿ.ಮೀ. ಜೊತೆಗೆ ಚಿತ್ರವನ್ನು ಎರಡು ಪಟ್ಟು ಹಿಗ್ಗಿಸುವ 2 ಎಕ್ಸ್ ಬಾರ್ಲೋ ಲೆನ್ಸ್, 2.9 ಮೈಕ್ರಾನ್ ಪಿಕ್ಸೆಲ್‌ನ ಕಲರ್ ಕ್ಯಾಮೆರಾ. ಮೋಟಾರ್ ಇಲ್ಲ, ಕೈಯಲ್ಲೇ ತಳ್ಳುತ್ತೇನೆ. 2026ರ ಜನವರಿಯಲ್ಲಿ ಗುರು ಗ್ರಹದ ರಾ ವಿಡಿಯೋ ತೆಗೆದೆ. ತೆಗೆಯುವಾಗ ಲ್ಯಾಪ್‌ಟಾಪ್‌ನಲ್ಲಿ ಬಣ್ಣ ಕಾಣುತ್ತಿತ್ತು. ಆಮೇಲೆ ಫೈಲ್ ತೆರೆದರೆ ಕಪ್ಪು ಬಿಳುಪು. ಅದರ ಮೇಲೆ ಸೊಳ್ಳೆ ಪರದೆ ಹಾಸಿದ ಹಾಗೆ ಸಣ್ಣ ಚೌಕುಳಿ. ಪಿಪ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಗ್ರಹವನ್ನು ನಡುವಿಗೆ ತಂದು ಉಳಿಸಿದೆ, ಆಮೇಲೆ ಡಿಬೇಯರ್ ಮಾಡಿದೆ, ಅಂದರೆ ರಾ ಫೈಲಿಗೆ ಬಣ್ಣ ಕಟ್ಟಿದೆ. ಒಂದು ಫ್ರೇಮ್ ಹಸಿರು, ಇನ್ನೊಂದು ಗುಲಾಬಿ, ಮತ್ತೊಂದು ನೀಲಿ! ಫ್ರೇಮ್‌ಗಳನ್ನು ಸೇರಿಸಿ ಒಂದೇ ಚಿತ್ರ ಮಾಡುವ ಆಟೋಸ್ಟ್ಯಾಕರ್ಟ್‌ಗೆ ಹಾಕಿದರೆ ಕೊನೆಗೆ ಬಂದದ್ದು ಬೂದು ಬಣ್ಣದ ಉಂಡೆ. ಕ್ಯಾಮೆರಾ ಕೆಟ್ಟಿದೆಯಾ? ಮಕ್ಕಳಿಗೆ ಗುರುವಿನ ಪಟ್ಟಿಗಳನ್ನು ಬಣ್ಣದಲ್ಲಿ ತೋರಿಸುತ್ತೇನೆ ಅಂತ ಹೇಳಿಬಿಟ್ಟಿದ್ದೇನೆ.

ಉತ್ತರ: ನಮಸ್ಕಾರ ಮೇಷ್ಟ್ರೇ. ಕ್ಯಾಮೆರಾ ಕೆಟ್ಟಿಲ್ಲ. ವಿಡಿಯೋ ಕೂಡ ಚೆನ್ನಾಗಿಯೇ ಬಂದಿದೆ. ಎಡವಟ್ಟಾಗಿರುವುದು ಪಿಪ್‌ನಲ್ಲಿ, ಅದೂ ಒಂದೇ ಒಂದು ಟಿಕ್ ಹಾಕದೆ ಬಿಟ್ಟಿದ್ದರಿಂದ. ಕ್ಯಾಮೆರಾದಿಂದ ಬಂದ ಮೂಲ ಎಸ್‌ಇಆರ್ ಫೈಲ್, ಅಂದರೆ ರಾ ವಿಡಿಯೋ ಫೈಲ್, ಅಳಿಸಿಲ್ಲ ತಾನೇ? ಅಳಿಸಿಲ್ಲ ಅಂದರೆ ಈ ವಾರವೇ ಮಕ್ಕಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಬಹುದು. ಮುಂದೆ ಓದುವ ಮೊದಲು ಆ ಫೈಲನ್ನು ಬೇರೆ ಹಾರ್ಡ್ ಡಿಸ್ಕ್‌ಗೆ ಒಂದು ಕಾಪಿ ಮಾಡಿಟ್ಟುಕೊಳ್ಳಿ. ನಾನು ಕಾಯುತ್ತೇನೆ.

ನೀವು ಸೊಳ್ಳೆ ಪರದೆ ಅಂದಿರಲ್ಲ, ಆ ಚೌಕುಳಿ ಕೊಳೆಯಲ್ಲ. ಬಣ್ಣ ಇರುವುದೇ ಅದರಲ್ಲಿ. ಅದನ್ನು ಕೊನೆಯವರೆಗೂ ಕೆಡಿಸದೆ ಕಾಪಾಡಿಕೊಂಡು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಸೆನ್ಸರ್‌ನ ಪಿಕ್ಸೆಲ್‌ಗೆ ಬಣ್ಣ ಗೊತ್ತಾಗುವುದಿಲ್ಲ. ಎಷ್ಟು ಬೆಳಕು ಬಿತ್ತು ಅನ್ನುವುದು ಮಾತ್ರ ಗೊತ್ತಾಗುತ್ತದೆ. ಅದಕ್ಕೇ ಪ್ರತಿ ಪಿಕ್ಸೆಲ್ ಮೇಲೂ ಒಂದು ಬಣ್ಣದ ಪುಟ್ಟ ಗಾಜಿನ ಹಾಗೆ ಫಿಲ್ಟರ್ ಕೂರಿಸಿರುತ್ತಾರೆ. ಮೊದಲ ಸಾಲಿನಲ್ಲಿ ಕೆಂಪು, ಹಸಿರು, ಕೆಂಪು, ಹಸಿರು. ಎರಡನೇ ಸಾಲಿನಲ್ಲಿ ಹಸಿರು, ನೀಲಿ, ಹಸಿರು, ನೀಲಿ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಇದೇ ಲೆಕ್ಕ ಕೊನೆಯವರೆಗೂ ನಡೆಯುತ್ತದೆ. ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ ಈ ಜೋಡಣೆ ಕಂಡುಹಿಡಿದರು. ಪೇಟೆಂಟ್ ಸಿಕ್ಕಿದ್ದು 1976ರಲ್ಲಿ. ನಮ್ಮ ಕಣ್ಣಿಗೆ ಹಸಿರು ಬೆಳಕಿನಲ್ಲೇ ಸೂಕ್ಷ್ಮ ವಿವರ ಜಾಸ್ತಿ ಕಾಣುವುದು, ಅದಕ್ಕೇ ನಾಲ್ಕರಲ್ಲಿ ಎರಡು ಹಸಿರು. ಇವತ್ತು ನಿಮ್ಮ ಜೇಬಿನ ಫೋನಿನಲ್ಲೂ ಇರುವುದು ಇದೇ ಲೆಕ್ಕ, ಇಲ್ಲವೇ ಇದರ ತಮ್ಮ. ಫೋನು ಆ ಚುಕ್ಕಿಗಳಿಂದ ತಾನೇ ಬಣ್ಣ ಕಟ್ಟಿ ಕೊಡುತ್ತದೆ. ನಿಮ್ಮ ಕ್ಯಾಮೆರಾ ರಾ ಮೋಡ್‌ನಲ್ಲಿ ಚುಕ್ಕಿಗಳನ್ನು ಹಾಗೆ ಹಾಗೇ ಬರೆದಿಡುತ್ತದೆ. ವಿಡಿಯೋ ತೆಗೆಯುವಾಗ ಪರದೆ ಮೇಲೆ ಕಂಡ ಬಣ್ಣ ಸಾಫ್ಟ್‌ವೇರ್ ನಿಮ್ಮ ಕಣ್ಣಿಗೆ ಅಂತ ಮಾಡಿ ತೋರಿಸಿದ್ದು. ಫೈಲಿಗೆ ಹೋದದ್ದು ರಾ.

ಇದನ್ನು ಹತ್ತಿರದಿಂದ ನೋಡೋಣ. ಎಸ್‌ಇಆರ್ ಪ್ಲೇಯರ್‌ನಲ್ಲಿ ಮೂಲ ಫೈಲ್ ತೆರೆದು, ಡಿಬೇಯರ್ ಆಯ್ಕೆ ತೆಗೆದು, ಗ್ರಹದ ನಡುಭಾಗವನ್ನು ಎಂಟು ಪಟ್ಟು ದೊಡ್ಡದು ಮಾಡಿ. ಒಂದೊಂದು ಪಿಕ್ಸೆಲ್ಲೂ ಒಂದು ಚೌಕವಾಗಿ ಕಾಣುತ್ತದೆ. ಮೇಲೆ ಎರಡು, ಕೆಳಗೆ ಎರಡು, ಹೀಗೆ ನಾಲ್ಕನ್ನು ಹಿಡಿದುಕೊಳ್ಳಿ. ಆ ನಾಲ್ಕರ ಬೆಲೆ ಹೀಗಿದೆ ಅಂದುಕೊಳ್ಳೋಣ: ಮೇಲಿನ ಸಾಲಿನಲ್ಲಿ 121 ಮತ್ತು 163, ಕೆಳಗಿನ ಸಾಲಿನಲ್ಲಿ 160 ಮತ್ತು 82. ಓರೆಯಾಗಿ ಎದುರುಬದುರು ಕೂತ ಎರಡು ಹೆಚ್ಚುಕಡಿಮೆ ಒಂದೇ ಇವೆ, 163 ಮತ್ತು 160. ಅವೇ ಹಸಿರು. ಉಳಿದ ಎರಡರಲ್ಲಿ ಒಂದು ಕೆಂಪು, ಒಂದು ನೀಲಿ. ಗುರುವಿನ ಮೈಬಣ್ಣ ಕೆನೆ, ಪಟ್ಟಿಗಳು ಕಂದು. ಅಲ್ಲಿ ನೀಲಿಗಿಂತ ಕೆಂಪೇ ಜಾಸ್ತಿ ಇರಬೇಕು. ಹಾಗಾದರೆ 121 ಕೆಂಪು, 82 ನೀಲಿ. ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓದಿದರೆ ಕೆಂಪು, ಹಸಿರು, ಹಸಿರು, ನೀಲಿ. ಸಾಫ್ಟ್‌ವೇರ್‌ಗಳು ಇದನ್ನೇ ಆರ್‌ಜಿಜಿಬಿ ಅನ್ನುತ್ತವೆ. ಕ್ಯಾಮೆರಾ ಪೆಟ್ಟಿಗೆ ಮೇಲೆ ಏನೇ ಬರೆದಿರಲಿ, ನಾನು ಹೊಸ ಕ್ಯಾಮೆರಾ ಕೈಗೆ ಬಂದರೆ ಹೀಗೆ ನಾಲ್ಕು ಸಂಖ್ಯೆ ನೋಡದೆ ಮುಂದೆ ಹೋಗುವುದಿಲ್ಲ. ಯಾಕೆಂದರೆ ರೆಕಾರ್ಡ್ ಮಾಡುವಾಗ ಚಿತ್ರವನ್ನು ತಲೆಕೆಳಗೆ ಮಾಡುವ ಆಯ್ಕೆ ಹಾಕಿದ್ದರೆ ಈ ಕ್ರಮವೂ ಬದಲಾಗುತ್ತದೆ. ಮೇಲೆ ಕೆಳಗೆ ಮಗುಚಿದರೆ ಆರ್‌ಜಿಜಿಬಿ ಹೋಗಿ ಜಿಬಿಆರ್‌ಜಿ ಆಗುತ್ತದೆ. ಎಡ ಬಲ ಮಗುಚಿದರೆ ಜಿಆರ್‌ಬಿಜಿ.

ಈಗ ನಿಮ್ಮ ಹಸಿರು, ಗುಲಾಬಿ, ನೀಲಿ ಕತೆಗೆ ಬರೋಣ. ಪಿಪ್ ಮಾಡಿದ್ದು ಇಷ್ಟೇ: ಪ್ರತಿ ಫ್ರೇಮ್‌ನಲ್ಲೂ ಗ್ರಹ ಎಲ್ಲಿದೆ ನೋಡಿ, ಅದು ನಡುವಿಗೆ ಬರುವ ಹಾಗೆ ಸುತ್ತ ಕತ್ತರಿಸಿತು. ಒಂದು ಫ್ರೇಮ್‌ನಲ್ಲಿ 14 ಪಿಕ್ಸೆಲ್ ಪಕ್ಕಕ್ಕೆ ಸರಿಸಿತು, ಇನ್ನೊಂದರಲ್ಲಿ 15. ಸರಿ ಸಂಖ್ಯೆ ಸರಿದರೆ ಚೌಕುಳಿಯ ಮೊದಲ ಮನೆಯಲ್ಲಿ ಕೆಂಪೇ ಇರುತ್ತದೆ. ಬೆಸ ಸಂಖ್ಯೆ ಸರಿದರೆ ಆ ಮನೆಗೆ ಹಸಿರು ಬಂದು ಕೂರುತ್ತದೆ. ಡಿಬೇಯರ್ ಮಾಡುವ ಸಾಫ್ಟ್‌ವೇರ್‌ಗೆ ಇದು ಗೊತ್ತಿಲ್ಲ. ಅದು ಮೊದಲ ಮನೆ ಕೆಂಪು ಅಂತಲೇ ಓದುತ್ತದೆ.

ಅದೇ ನಾಲ್ಕು ಸಂಖ್ಯೆ ಹಿಡಿದು ಲೆಕ್ಕ ಹಾಕಿ. ಸರಿಯಾಗಿ ಓದಿದರೆ ಕೆಂಪು 121, ಹಸಿರು ಸುಮಾರು 161, ನೀಲಿ 82. ಹಸಿರು ಮೇಲು, ಹಾಗಾಗಿ ನಿಮ್ಮ ಹಸಿರು ಫ್ರೇಮ್ ನಿಜವಾಗಿ ಸರಿಯಾದ ಫ್ರೇಮ್! ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿದಾಗ 163 ಕೆಂಪಿನ ಜಾಗಕ್ಕೆ ಬರುತ್ತದೆ, 160 ನೀಲಿಯ ಜಾಗಕ್ಕೆ. ಹಸಿರಿನ ಜಾಗದಲ್ಲಿ 121 ಮತ್ತು 82 ಕೂರುತ್ತವೆ, ಸರಾಸರಿ 101. ಕೆಂಪು ನೀಲಿ ಎರಡೂ ಮೇಲು, ಹಸಿರು ಕಡಿಮೆ. ಅದೇ ನಿಮ್ಮ ಗುಲಾಬಿ. ಬರೀ ಮೇಲಕ್ಕೋ ಕೆಳಕ್ಕೋ ಒಂದು ಪಿಕ್ಸೆಲ್ ಸರಿದರೂ ಹೀಗೇ ಗುಲಾಬಿ. ಪಕ್ಕಕ್ಕೂ ಕೆಳಕ್ಕೂ ಎರಡೂ ಕಡೆ ಒಂದೊಂದು ಸರಿದಾಗ ಹಸಿರು ತನ್ನ ಜಾಗದಲ್ಲೇ ಉಳಿಯುತ್ತದೆ, ಕೆಂಪು ನೀಲಿ ಅದಲು ಬದಲಾಗುತ್ತವೆ. ಕಂದು ಪಟ್ಟಿ ನೀಲಿ ಪಟ್ಟಿ ಆಗುತ್ತದೆ. ಅದೇ ನಿಮ್ಮ ನೀಲಿ ಫ್ರೇಮ್.

ಈ ನಾಲ್ಕೂ ಬಗೆಯ ಫ್ರೇಮ್‌ಗಳು ಹೆಚ್ಚುಕಡಿಮೆ ಸಮನಾಗಿ ಇರುತ್ತವೆ ಅಲ್ವಾ? ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆಯಿರಿ. ಕೆಂಪಿನಲ್ಲಿ 121, 163, 160, 82. ಸರಾಸರಿ 131. ಹಸಿರಿನಲ್ಲಿ 161, 101, 101, 161. ಅದೂ 131. ನೀಲಿಯೂ 131. ಮೂರೂ ಒಂದೇ ಆದಾಗ ಬರುವ ಬಣ್ಣವೇ ಬೂದು. ನಿಮ್ಮ ಪತ್ರ ಓದಿದಾಗ ನನಗೆ ಖುಷಿಯಾದದ್ದು ಇದಕ್ಕೇ. ನೀವು ಕಂಡದ್ದನ್ನು ಕಂಡ ಹಾಗೆ ಬರೆದಿದ್ದೀರಿ. ಹಸಿರು, ಗುಲಾಬಿ, ನೀಲಿ, ಕೊನೆಗೆ ಬೂದು ಅಂತ ಓದಿದ ತಕ್ಷಣ ಕಾಯಿಲೆ ಗೊತ್ತಾಯಿತು.

ಮದ್ದು ಚಿಕ್ಕದು. ಪಿಪ್‌ನಲ್ಲಿ ಬೇಯರ್ ಪ್ಯಾಟರ್ನ್ ಕಾಪಾಡು ಅನ್ನುವ ಅರ್ಥದ ಒಂದು ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿದರೆ ಪಿಪ್ ಯಾವಾಗಲೂ ಸರಿ ಸಂಖ್ಯೆಯಲ್ಲೇ ಸರಿಸುತ್ತದೆ. ಗ್ರಹ ಒಂದು ಪಿಕ್ಸೆಲ್ ಅತ್ತಿತ್ತ ಆಗಬಹುದು, ಆಗಲಿ. ಅದನ್ನು ಆಮೇಲೆ ಆಟೋಸ್ಟ್ಯಾಕರ್ಟ್ ಸರಿಮಾಡಿಕೊಳ್ಳುತ್ತದೆ. ಪಿಪ್‌ನಲ್ಲಿ ಡಿಬೇಯರ್ ಮಾಡಬೇಡಿ. ಔಟ್‌ಪುಟ್ ಎಸ್‌ಇಆರ್ ಆಗಿಯೇ ಇರಲಿ, ಚೌಕುಳಿ ಸಮೇತ. ಆಮೇಲೆ ಆಟೋಸ್ಟ್ಯಾಕರ್ಟ್‌ನ ಕಲರ್ ಮೆನುಗೆ ಹೋಗಿ ಆರ್‌ಜಿಜಿಬಿ ಅಂತ ಕೈಯಾರೆ ಆರಿಸಿ. ಎಸ್‌ಇಆರ್ ಫೈಲಿನ ತಲೆಭಾಗದಲ್ಲಿ ಈ ಕ್ರಮ ಬರೆದಿರುತ್ತದೆ, ಸಾಫ್ಟ್‌ವೇರ್ ತಾನೇ ಓದಿಕೊಳ್ಳುತ್ತದೆ, ನಿಜ. ಆದರೆ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಹೋಗುವಾಗ ಆ ಬರಹ ತಪ್ಪಿದ್ದನ್ನು ನಾನು ನೋಡಿದ್ದೇನೆ. ಕೈಯಲ್ಲಿ ಆರಿಸಿದರೆ ನಿಶ್ಚಿಂತೆ.

ಮೊದಲೇ ಯಾಕೆ ಬಣ್ಣ ಕಟ್ಟಬಾರದು ಅಂತ ಕೇಳಬಹುದು. ಡಿಬೇಯರ್ ಅಂದರೆ ಅರ್ಧ ಊಹೆ. ಕೆಂಪು ಪಿಕ್ಸೆಲ್ ಇರುವ ಜಾಗದಲ್ಲಿ ಹಸಿರು ಎಷ್ಟಿತ್ತು ಅನ್ನುವುದನ್ನು ಅಕ್ಕಪಕ್ಕದ ಹಸಿರು ನೋಡಿ ಅಂದಾಜು ಮಾಡುವುದು. ಒಂದೇ ಫೋಟೋ ಇದ್ದರೆ ಬೇರೆ ದಾರಿಯಿಲ್ಲ. ನಿಮ್ಮ ಹತ್ತಿರ ಮೂರು ಸಾವಿರ ಫ್ರೇಮ್ ಇದೆ ಅಂದುಕೊಳ್ಳೋಣ. ಗ್ರಹ ಒಂದೇ ಕಡೆ ನಿಂತಿಲ್ಲ, ಸರಿಯುತ್ತಲೇ ಇದೆ. ಗುರುವಿನ ಮೇಲಿನ ಒಂದು ಸಣ್ಣ ಗುರುತು ಒಂದು ಫ್ರೇಮ್‌ನಲ್ಲಿ ಕೆಂಪು ಪಿಕ್ಸೆಲ್ ಮೇಲೆ ಬೀಳುತ್ತದೆ, ಇನ್ನೊಂದರಲ್ಲಿ ಹಸಿರಿನ ಮೇಲೆ, ಮತ್ತೊಂದರಲ್ಲಿ ನೀಲಿಯ ಮೇಲೆ. ಆಟೋಸ್ಟ್ಯಾಕರ್ಟ್‌ಗೆ ರಾ ಕೊಟ್ಟರೆ ಅದು ಊಹೆ ಮಾಡುವುದಿಲ್ಲ. ಆಯಾ ಬಣ್ಣದ ನಿಜವಾದ ಅಳತೆಗಳನ್ನೇ ಆಯಾ ಜಾಗಕ್ಕೆ ಹಾಕುತ್ತಾ ಹೋಗುತ್ತದೆ. ಇದಕ್ಕೆ ಬೇಯರ್ ಡ್ರಿಜ್ಲ್ ಅನ್ನುತ್ತಾರೆ. ಮೋಟಾರ್ ಇಲ್ಲ ಅಂತ ನೀವು ಬೇಜಾರಿನಲ್ಲಿ ಬರೆದಿದ್ದೀರಿ. ಈ ಕೆಲಸಕ್ಕೆ ಮಾತ್ರ ಅದು ವರವೇ ಸರಿ. ಮೋಟಾರ್ ಇದ್ದು ಗ್ರಹ ಅಲುಗಾಡದೆ ನಿಂತರೆ ಒಂದೇ ಗುರುತು ಒಂದೇ ಬಣ್ಣದ ಪಿಕ್ಸೆಲ್ ಮೇಲೆ ಕೂತುಬಿಡುತ್ತದೆ. ಆಮೇಲೆ ಚಿತ್ರ ಚೂಪು ಮಾಡುವಾಗ ಸಣ್ಣ ಬಲೆ ಎದ್ದು ಕಾಣುತ್ತದೆ. ಮೋಟಾರ್ ಇರುವವರಿಗೆ ನಾನು ಗ್ರಹವನ್ನು ಬೇಕಂತಲೇ ಸ್ವಲ್ಪ ಅತ್ತಿತ್ತ ಸರಿಸಿ ಅಂತ ಹೇಳುತ್ತೇನೆ.

ಇನ್ನು ಫ್ರೇಮ್ ಆರಿಸುವುದು. ಇದನ್ನು ಶಿಡ್ಲಘಟ್ಟದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಗೂಡಿನ ಮಾರುಕಟ್ಟೆಯಿಂದ ತಂದ ಗೂಡನ್ನು ರೀಲರ್ ಹಾಗೇ ಬಿಸಿನೀರಿಗೆ ಸುರಿಯುವುದಿಲ್ಲ. ಕಲೆ ಗೂಡು, ಜೋಡಿ ಗೂಡು, ತೂತು ಬಿದ್ದದ್ದು ಬೇರೆ ಮಾಡುತ್ತಾನೆ. ಆಮೇಲೆ ಹಲವು ಗೂಡಿನ ಎಳೆ ಕೂಡಿಸಿ ಒಂದು ನೂಲು ತೆಗೆಯುತ್ತಾನೆ. ಒಂದೇ ಗೂಡಿನ ಎಳೆ ನೂಲಾಗಿ ನಿಲ್ಲುವುದಿಲ್ಲ, ಬಹಳ ಸಣ್ಣದು. ನಮ್ಮ ಕೆಲಸವೂ ಥೇಟ್ ಹೀಗೇ. ಗಾಳಿ ಕುದಿಯುತ್ತಿರುತ್ತದೆ, ಗ್ರಹ ನೀರಿನ ತಳದ ಕಲ್ಲಿನ ಹಾಗೆ ಅಲುಗುತ್ತಿರುತ್ತದೆ. ನಡುನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತು ಗಾಳಿ ಸುಮ್ಮನಾಗುತ್ತದೆ. ಆ ಗಳಿಗೆಯ ಫ್ರೇಮ್‌ಗಳು ಬೇಕು. ಎಷ್ಟು ಫ್ರೇಮ್‌ಗೆ ಒಂದು ಹೀಗೆ ಅದೃಷ್ಟದ್ದು ಸಿಗಬಹುದು ಅಂತ ಡೇವಿಡ್ ಫ್ರೈಡ್ 1978ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಟೆಲಿಸ್ಕೋಪಿನ ಕನ್ನಡಿ ದೊಡ್ಡದಾದಷ್ಟೂ ಆ ಅದೃಷ್ಟ ಅಪರೂಪ. 8 ಇಂಚು ಇದಕ್ಕೆ ಒಳ್ಳೆಯ ಅಳತೆ.

ಆಟೋಸ್ಟ್ಯಾಕರ್ಟ್ ಎಲ್ಲ ಫ್ರೇಮ್‌ಗಳನ್ನೂ ಗುಣದ ಪ್ರಕಾರ ಸಾಲಾಗಿ ಜೋಡಿಸಿ ಒಂದು ಗ್ರಾಫ್ ತೋರಿಸುತ್ತದೆ. ಮೂರು ಸಾವಿರದಲ್ಲಿ ಮೊದಲ ಒಂಬೈನೂರು ತೆಗೆದುಕೊಳ್ಳಿ. ಒಂಬೈನೂರು ಫ್ರೇಮ್ ಸೇರಿದರೆ ಗರಗರ, ಅಂದರೆ ಚಿತ್ರದ ಮೇಲೆ ಮರಳು ಎರಚಿದ ಹಾಗೆ ಕಾಣುವ ನಾಯ್ಸ್, ಮೂವತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಯಾಕೆಂದರೆ 900ರ ವರ್ಗಮೂಲ 30. ಗಾಳಿ ಕೆಟ್ಟಿದ್ದ ರಾತ್ರಿಯಾದರೆ ಐನೂರು ಸಾಕು. ಜಾಸ್ತಿ ಸೇರಿಸುವ ಆಸೆ ಬೇಡ. ಗ್ರಹದ ಮೇಲೆ ಇಪ್ಪತ್ತು ಇಪ್ಪತ್ತೈದು ಅಲೈನ್‌ಮೆಂಟ್ ಚೌಕ (ಫ್ರೇಮ್‌ಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಲು ಹಿಡಿಯುವ ಗುರುತು) ಬರುವ ಹಾಗೆ ಅಳತೆ ಇಟ್ಟುಕೊಳ್ಳಿ. ಬಹಳ ಸಣ್ಣ ಚೌಕ ಇಟ್ಟರೆ ಅದು ಗರಗರವನ್ನೇ ವಿವರ ಅಂದುಕೊಂಡು ಹಿಂಬಾಲಿಸುತ್ತದೆ. ಕೊನೆಗೆ 16 ಬಿಟ್ ಟಿಫ್ ಆಗಿ ಉಳಿಸಿ.

ಬಂದ ಚಿತ್ರ ಮಸುಕಾಗಿ, ಹಸಿರಾಗಿ ಇರುತ್ತದೆ. ಹೆದರಬೇಡಿ. ಹಸಿರು ಯಾಕೆ ಅನ್ನುವುದಕ್ಕೆ ಎರಡು ಹಸಿರು ಪಿಕ್ಸೆಲ್ ಇದೆಯಲ್ಲ ಅಂತ ಬಹಳ ಜನ ಹೇಳುತ್ತಾರೆ. ಅದು ಸರಿಯಲ್ಲ. ಎರಡನ್ನೂ ಕೂಡಿಸುವುದಿಲ್ಲ, ಸರಾಸರಿ ತೆಗೆಯುತ್ತಾರೆ. ಸೆನ್ಸರ್ ಮತ್ತು ಅದರ ಹಸಿರು ಫಿಲ್ಟರ್ ಸೇರಿ ಬಿಸಿಲಿನ ಬೆಳಕನ್ನು ಜಾಸ್ತಿ ಹಿಡಿಯುತ್ತವೆ, ಅಷ್ಟೇ. ಗುರುವಿನ ಬೆಳಕೂ ಬಿಸಿಲೇ ತಾನೇ. ಚಿತ್ರ ಚೂಪು ಮಾಡುವ ರೆಜಿಸ್ಟ್ಯಾಕ್ಸ್ ಸಾಫ್ಟ್‌ವೇರ್‌ನಲ್ಲಿ ಆರ್‌ಜಿಬಿ ಬ್ಯಾಲೆನ್ಸ್ ಒತ್ತಿದರೆ ಬಹುಪಾಲು ಸರಿಹೋಗುತ್ತದೆ. ನನಗೆ ಇದಕ್ಕಿಂತ ಇಷ್ಟವಾದ ದಾರಿ ಒಂದಿದೆ. ಅದೇ ಕ್ಯಾಮೆರಾದಲ್ಲಿ ಒಂದು ರಾತ್ರಿ ಚಂದ್ರ ಮೇಲಿರುವಾಗ ವಿಡಿಯೋ ತೆಗೆಯಿರಿ. ಅದನ್ನು ಬೂದು ಮಾಡಲು ಕೆಂಪನ್ನು ಎಷ್ಟು ಪಟ್ಟು, ನೀಲಿಯನ್ನು ಎಷ್ಟು ಪಟ್ಟು ಏರಿಸಬೇಕಾಯಿತು ಅಂತ ಬರೆದಿಟ್ಟುಕೊಳ್ಳಿ. ಆ ಎರಡು ಸಂಖ್ಯೆಯನ್ನು ಗುರುವಿಗೂ ಶನಿಗೂ ಬಳಸಿ. ಆಗ ಗುರುವಿನ ಕೆನೆ ಬಣ್ಣ ನಿಮ್ಮ ಕಣ್ಣಿನ ಆಸೆಯಂತೆ ಬಾರದೆ, ಹೆಚ್ಚುಕಡಿಮೆ ಇದ್ದ ಹಾಗೆ ಬರುತ್ತದೆ. ಮಕ್ಕಳಿಗೆ ತೋರಿಸುವ ಚಿತ್ರ ಅಂದಮೇಲೆ ಇದು ಮುಖ್ಯ.

ಬಣ್ಣ ತೊಳೆದ ಹಾಗೆ ಮಂಕಾಗಿದ್ದರೆ ಇನ್ನೊಂದು ಕಾರಣ ಇರಬಹುದು. ಇಂಥ ಬಹಳಷ್ಟು ಕ್ಯಾಮೆರಾಗಳ ಮುಂದಿನ ಗಾಜು ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದಿಲ್ಲ. ಕೆಂಪು, ಹಸಿರು, ನೀಲಿ ಮೂರೂ ಫಿಲ್ಟರ್‌ಗಳು ಇನ್‌ಫ್ರಾರೆಡ್‌ಗೆ ದಾರಿ ಬಿಡುತ್ತವೆ. ಮೂರಕ್ಕೂ ಒಂದೇ ಸಮ ಬೆಳಕು ಸೇರಿಕೊಂಡರೆ ಬಣ್ಣ ಸೊರಗುತ್ತದೆ. ಬಾರ್ಲೋ ಮುಂದೆ ಅದನ್ನು ತಡೆಯುವ ಯುವಿ ಐಆರ್ ಕಟ್ ಫಿಲ್ಟರ್ ಹಾಕಿ. ಹೊಸದಾಗಿ ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಇದಕ್ಕೇ ಮಾಡಿ.

ಮುಂದಿನ ಸಲ ರೆಕಾರ್ಡ್ ಮಾಡುವಾಗ ನೆನಪಿಡಬೇಕಾದ್ದನ್ನೂ ಹೇಳಿಬಿಡುತ್ತೇನೆ. ಅದಕ್ಕೆ ನನ್ನದೇ ಒಂದು ನೋವಿದೆ. 2020ರ ಡಿಸೆಂಬರ್ 21ರಂದು ಗುರು ಶನಿ ಎರಡೂ ಒಂದೇ ನೋಟದಲ್ಲಿ ಸಿಗುವಷ್ಟು ಹತ್ತಿರ ಬಂದಿದ್ದವು. 1623ರ ನಂತರ ಅಷ್ಟು ಹತ್ತಿರ ಬಂದದ್ದು ಅವತ್ತೇ. ಚಿಕ್ಕಬಳ್ಳಾಪುರದ ನಮ್ಮ ಮನೆ ತಾರಸಿ ಮೇಲೆ ಟೆಲಿಸ್ಕೋಪ್ ಇಟ್ಟುಕೊಂಡು ಮೋಡದ ಸಂದಿಗೆ ಕಾಯುತ್ತಾ ನಿಂತಿದ್ದೆ. ಸಿಕ್ಕಿದ್ದು ಕೆಲವೇ ನಿಮಿಷ. ಡಿಸ್ಕ್‌ನಲ್ಲಿ ಜಾಗ ಕಡಿಮೆ ಇತ್ತು. ಫೈಲ್ ಚಿಕ್ಕದಾಗಲಿ ಅಂತ ಕಂಪ್ರೆಸ್ ಆಗುವ ಎವಿಐ ಆರಿಸಿದೆ. ಕಂಪ್ರೆಸ್ ಮಾಡುವ ಲೆಕ್ಕಕ್ಕೆ ಈ ಚೌಕುಳಿ ಬೇಡದ ಸಣ್ಣ ಗಲಾಟೆ ಅನ್ನಿಸುತ್ತದೆ. ಅದು ಅದನ್ನೇ ಮೊದಲು ಸವರಿ ನುಣ್ಣಗೆ ಮಾಡುತ್ತದೆ. ಚೌಕುಳಿ ಹೋಯಿತು, ಅದರ ಜೊತೆ ಬಣ್ಣವೂ ಹೋಯಿತು. ಅದನ್ನು ವಾಪಸ್ ತರುವ ಸಾಫ್ಟ್‌ವೇರ್ ಯಾವುದೂ ಇಲ್ಲ. ಆ ಸಂಜೆಯ ಗುರು ಶನಿ ನನ್ನ ಹತ್ತಿರ ಕಪ್ಪು ಬಿಳುಪಿನಲ್ಲೇ ಉಳಿದಿವೆ.

ಅದಕ್ಕೇ ಹೇಳುವುದು, ಎಸ್‌ಇಆರ್ ಬಿಟ್ಟು ಬೇರೆ ಬೇಡ. ಕ್ಯಾಮೆರಾದಲ್ಲಿ ರಾ 8, ಅಂದರೆ ಬೆಳಕನ್ನು 256 ಮೆಟ್ಟಿಲಲ್ಲಿ ಅಳೆಯುವ 8 ಬಿಟ್ ರಾ, ಆರಿಸಿ. ಮೋನೋ 8 ಅನ್ನುವುದು ಪಕ್ಕದಲ್ಲೇ ಇರುತ್ತದೆ, ಕೈತಪ್ಪಿ ಅದನ್ನು ಒತ್ತಬೇಡಿ. ಅದರಲ್ಲಿ ಪಿಕ್ಸೆಲ್‌ಗಳು ಕಲಸಿಹೋಗುತ್ತವೆ. ಯಾವುದೇ ಕಪ್ಪು ಬಿಳುಪು ಫೈಲಿನಲ್ಲಿ ಬಣ್ಣ ಉಳಿದಿದೆಯೋ ಇಲ್ಲವೋ ನೋಡಲು ದೊಡ್ಡದು ಮಾಡಿ ನೋಡಿದರೆ ಸಾಕು. ಚೌಕುಳಿ ಇದ್ದರೆ ಬಣ್ಣ ಇದೆ. ರಾ 16 ಬೇಡವೇ ಅಂದರೆ, ಗ್ರಹಗಳಿಗೆ ಬೇಡ. ಗೇನ್, ಅಂದರೆ ಕ್ಯಾಮೆರಾ ಸಿಗ್ನಲ್ಲನ್ನು ಹಿಗ್ಗಿಸುವುದು, ಜಾಸ್ತಿ ಇಟ್ಟಾಗ ಒಂದು ಫ್ರೇಮ್‌ನ ಗರಗರ 8 ಬಿಟ್‌ನ ಒಂದು ಮೆಟ್ಟಿಲಿಗಿಂತ ದೊಡ್ಡದಾಗಿರುತ್ತದೆ. ನೂರಾರು ಫ್ರೇಮ್ ಸೇರಿದಾಗ ನಡುವಿನ ಮೆಟ್ಟಿಲುಗಳು ತಾವೇ ತುಂಬಿಕೊಳ್ಳುತ್ತವೆ. 16 ಬಿಟ್ ಇಟ್ಟರೆ ಫೈಲ್ ಎರಡು ಪಟ್ಟು, ಆರ್‌ಜಿಬಿ 24 ಇಟ್ಟರೆ ಮೂರು ಪಟ್ಟು. ನಿಮ್ಮ ಸೆನ್ಸರ್ 1936ಕ್ಕೆ 1096 ಪಿಕ್ಸೆಲ್‌ನದು ಅಂದರೆ ರಾ 8ರಲ್ಲಿ ಒಂದು ಫ್ರೇಮ್ 2.1 ಎಂಬಿ. ಸೆಕೆಂಡಿಗೆ ನೂರು ಫ್ರೇಮ್, ಮೂವತ್ತು ಸೆಕೆಂಡ್. ಆರು ಜಿಬಿ ದಾಟುತ್ತದೆ.

ಮೂವತ್ತು ಸೆಕೆಂಡ್ ಅಂದದ್ದು ಸುಮ್ನೆ ಅಲ್ಲ. ನಿಮ್ಮ ಬಾರ್ಲೋ ಸೇರಿ ಫೋಕಲ್ ಲೆಂತ್ 2400 ಮಿ.ಮೀ. ಒಂದು ಪಿಕ್ಸೆಲ್ ಅಂದರೆ ಆಕಾಶದಲ್ಲಿ ಕಾಲು ಆರ್ಕ್ ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ ಒಂದು ಆರ್ಕ್ ಸೆಕೆಂಡ್). ಜನವರಿ 10ರ ಆಸುಪಾಸು ಗುರು ಸೂರ್ಯನ ಎದುರಿಗಿದ್ದಾಗ ಅದರ ಅಗಲ 46 ಆರ್ಕ್ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ನಿಮ್ಮ ಫ್ರೇಮ್‌ನಲ್ಲಿ ಸುಮಾರು 187 ಪಿಕ್ಸೆಲ್. ಭೂಮಿ ತಿರುಗುವುದರಿಂದ ಅದು ಸೆಕೆಂಡಿಗೆ ಸುಮಾರು 14 ಆರ್ಕ್ ಸೆಕೆಂಡ್ ಸರಿಯುತ್ತದೆ. ಫ್ರೇಮ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಪೂರ್ತಿಯಾಗಿ ಕಾಣುತ್ತಾ ಸಾಗಲು ಮೂವತ್ತು ಸೆಕೆಂಡ್ ಹಿಡಿಯುತ್ತದೆ. ಕ್ಯಾಮೆರಾವನ್ನು ತಿರುಗಿಸಿ ಗ್ರಹ ಉದ್ದದ ಬದಿಯಲ್ಲೇ ಸಾಗುವ ಹಾಗೆ ಮಾಡಿಕೊಳ್ಳಿ. ಆಮೇಲೆ ಎತ್ತರವನ್ನು 1096ರಿಂದ 500ಕ್ಕೆ ಇಳಿಸಿ. ಫೈಲ್ ಅರ್ಧಕ್ಕಿಂತ ಕಡಿಮೆ ಆಗುತ್ತದೆ. ಹತ್ತು ಮಿಲಿಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ಗ್ರಹ ಅರ್ಧ ಪಿಕ್ಸೆಲ್ ಅಷ್ಟೇ ಸರಿದಿರುತ್ತದೆ, ಅದು ಕಾಣುವುದಿಲ್ಲ. ಇಪ್ಪತ್ತರ ಮೇಲೆ ಹೋಗಬೇಡಿ.

ನೀವು ಬಹುಶಃ ಗುರು ನೆತ್ತಿಗೆ ಬರಲಿ ಅಂತ ಕಾದಿರುತ್ತೀರಿ. ಎಲ್ಲರೂ ಹಾಗೇ ಹೇಳುವುದು. ನಮ್ಮ ಕಡೆ, ಡಾಬ್ಸೋನಿಯನ್ ಇಟ್ಟುಕೊಂಡವರಿಗೆ, ನಾನು ಬೇರೆ ಮಾತು ಹೇಳುತ್ತೇನೆ. ಈ ಸಲ ಗುರು ಮಿಥುನ ರಾಶಿಯಲ್ಲಿ, ನಮ್ಮ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ, 81 ಡಿಗ್ರಿ ಎತ್ತರದಲ್ಲಿ ದಾಟಿತು. ಅಷ್ಟು ಎತ್ತರದಲ್ಲಿ ಡಾಬ್ಸೋನಿಯನ್ ತಳ್ಳುವುದೇ ಕಷ್ಟ ಅನ್ನುವುದು ನಿಮಗೇ ಗೊತ್ತು. ಕಣ್ಣಿಗೆ ಕಾಣದ ಇನ್ನೊಂದು ತೊಂದರೆಯೂ ಇದೆ. ಅಲ್ಲಿ ಚಿತ್ರವೇ ಫ್ರೇಮ್‌ನೊಳಗೆ ನಿಮಿಷಕ್ಕೆ ಒಂದೂವರೆ ಡಿಗ್ರಿಗಿಂತ ಜಾಸ್ತಿ ತಿರುಗುತ್ತದೆ. ಮೂರು ನಿಮಿಷದ ಅವಧಿಯಲ್ಲಿ ತೆಗೆದ ವಿಡಿಯೋ ತುಣುಕುಗಳನ್ನು ಸೇರಿಸಿದರೆ ಗ್ರಹದ ಅಂಚು ಎಂಟು ಪಿಕ್ಸೆಲ್ ತಿರುಗಿರುತ್ತದೆ. ಎರಡು ಗಂಟೆ ಮೊದಲು, ಗುರು ಪೂರ್ವದಲ್ಲಿ 60 ಡಿಗ್ರಿ ಎತ್ತರದಲ್ಲಿದ್ದಾಗ, ಅದೇ ಮೂರು ನಿಮಿಷಕ್ಕೆ ಒಂದು ಪಿಕ್ಸೆಲ್ ಕೂಡ ತಿರುಗುವುದಿಲ್ಲ. ಜನವರಿ 10ರ ಆಸುಪಾಸಿನಲ್ಲಿ ಅದು ರಾತ್ರಿ ಹತ್ತೂವರೆಯ ಹೊತ್ತು. ನಾನಾದರೆ ಆಗಲೇ ತೆಗೆಯುತ್ತೇನೆ. 60 ಡಿಗ್ರಿಯಲ್ಲಿ ವಾತಾವರಣ ಬಣ್ಣಗಳನ್ನು ಬಿಡಿಸುವುದೂ ಕಡಿಮೆ. 30 ಡಿಗ್ರಿಗೆ ಇಳಿದರೆ ಕೆಂಪು ಅಂಚಿಗೂ ನೀಲಿ ಅಂಚಿಗೂ ನಡುವೆ 2 ಆರ್ಕ್ ಸೆಕೆಂಡಿನ ಆಸುಪಾಸು, ಅಂದರೆ ನಿಮ್ಮ ಎಂಟು ಪಿಕ್ಸೆಲ್ ಅಂತರ ಬೀಳುತ್ತದೆ. ಸ್ವಲ್ಪ ಬಣ್ಣದ ಅಂಚು ಮೂಡಿದ್ದರೆ ರೆಜಿಸ್ಟ್ಯಾಕ್ಸ್‌ನ ಆರ್‌ಜಿಬಿ ಅಲೈನ್ ಸರಿಮಾಡುತ್ತದೆ.

ತಾರಸಿ ಸಿಮೆಂಟು ಹಗಲೆಲ್ಲ ಕಾದಿರುತ್ತದೆ. ಸಂಜೆಯೇ ಎರಡು ಕೊಡ ನೀರು ಚೆಲ್ಲಿ, ಟೆಲಿಸ್ಕೋಪನ್ನು ಒಂದು ಗಂಟೆ ಮೊದಲೇ ಹೊರಗಿಡಿ. ಬೆಂಗಳೂರಿನ ಬೆಳಕಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಗುರುವಿಗೆ ಅದು ಲೆಕ್ಕಕ್ಕಿಲ್ಲ.

ಎಷ್ಟು ತುಣುಕು ಸೇರಿಸಬಹುದು? ಗುರು 9 ಗಂಟೆ 55 ನಿಮಿಷಕ್ಕೆ ಒಂದು ಸುತ್ತು ಸುತ್ತುತ್ತದೆ. ನಡುಭಾಗದ ಗುರುತು ನಿಮಿಷಕ್ಕೆ ನಿಮ್ಮ ಒಂದು ಪಿಕ್ಸೆಲ್ ಸರಿಯುತ್ತದೆ. ಎರಡೂವರೆ, ಮೂರು ನಿಮಿಷದೊಳಗೆ ಮೂರು ನಾಲ್ಕು ತುಣುಕು ತೆಗೆದರೆ ಪಿಪ್‌ನಲ್ಲಿ ಅವನ್ನು ಜೋಡಿಸಿ ಒಂದೇ ಮಾಡಬಹುದು. ಅದಕ್ಕಿಂತ ಹೊತ್ತು ಹಿಡಿದರೆ ಗ್ರಹ ತಿರುಗಿದ್ದನ್ನು ಸರಿದೂಗಿಸುವ ವಿನ್‌ಜೂಪೋಸ್ ಸಾಫ್ಟ್‌ವೇರ್ ಬೇಕಾಗುತ್ತದೆ. ಸದ್ಯಕ್ಕೆ ಅದು ಬೇಡ.

ಕೊನೆಗೆ ಚೂಪು ಮಾಡುವುದು. ರೆಜಿಸ್ಟ್ಯಾಕ್ಸ್‌ನಲ್ಲಿ ಸಣ್ಣ, ದೊಡ್ಡ ವಿವರಗಳನ್ನು ಪದರ ಪದರವಾಗಿ ಚೂಪು ಮಾಡುವ ವೇವ್‌ಲೆಟ್ ಜಾರುಪಟ್ಟಿಗಳನ್ನು ಏರಿಸುತ್ತಾ ಹೋದಂತೆ ಮಸುಕಿನೊಳಗಿಂದ ಪಟ್ಟಿಗಳು ಎದ್ದುಬರುತ್ತವೆ. ಇಷ್ಟು ವರ್ಷವಾದರೂ ಅದನ್ನು ನೋಡುವಾಗ ನನಗೆ ಮೈ ಜುಮ್ಮೆನ್ನುತ್ತದೆ. ಮೊದಲ ಪದರದಲ್ಲಿ ಗರಗರವೇ ಜಾಸ್ತಿ, ಅಲ್ಲಿ ಕೈ ಬಿಗಿ ಹಿಡಿಯಿರಿ. ಎರಡು ಮೂರನೇ ಪದರದಲ್ಲಿ ಕೆಲಸ ಮಾಡಿ. ಗ್ರಹದ ಅಂಚಿನ ಒಳಗೆ ಒಂದು ಕಪ್ಪು ಗೆರೆ ಕಾಣಿಸಿಕೊಂಡರೆ ಜಾಸ್ತಿ ಆಯಿತು ಅಂತ ಅರ್ಥ. ಒಂದು ಹೆಜ್ಜೆ ಹಿಂದೆ ಬನ್ನಿ.

ಮಕ್ಕಳಿಗೆ ಬರೀ ಕೊನೆಯ ಚಿತ್ರ ತೋರಿಸಬೇಡಿ. ರಾ ಫ್ರೇಮ್‌ನಲ್ಲಿ ಒಂದು ಕಂದು ಪಟ್ಟಿ ಹಾಯುವ ಜಾಗ ಹುಡುಕಿ, ಇಪ್ಪತ್ತಕ್ಕೆ ಇಪ್ಪತ್ತು ಪಿಕ್ಸೆಲ್‌ನ ಸಂಖ್ಯೆಗಳನ್ನು ಬರೆದುಕೊಳ್ಳಿ. ಅವನ್ನು ಗ್ರಾಫ್ ಹಾಳೆಯ ದೊಡ್ಡ ಚೌಕಗಳಲ್ಲಿ ಬರೆದು ಕೊಡಿ. ಮೊದಲ ಸಾಲು ಕೆಂಪು ಹಸಿರು, ಎರಡನೇ ಸಾಲು ಹಸಿರು ನೀಲಿ. ಸಂಖ್ಯೆ ದೊಡ್ಡದಿದ್ದರೆ ಬಣ್ಣದ ಪೆನ್ಸಿಲ್ ಒತ್ತಿ ತೀಡಲಿ, ಚಿಕ್ಕದಿದ್ದರೆ ಮೆಲ್ಲಗೆ. ಮುಗಿದ ಮೇಲೆ ಹಾಳೆಯನ್ನು ಕರಿಹಲಗೆಗೆ ಅಂಟಿಸಿ, ಎಲ್ಲರನ್ನೂ ಕೋಣೆಯ ಹಿಂದಿನ ಗೋಡೆಗೆ ಒರಗಿ ನಿಲ್ಲಿಸಿ ನೋಡಲು ಹೇಳಿ. ಹತ್ತಿರದಲ್ಲಿ ಬರೀ ಮೂರು ಬಣ್ಣದ ಚೌಕ. ಅಲ್ಲಿಂದ ಕಣ್ಣು ಅರೆಮುಚ್ಚಿ ನೋಡಿದರೆ ಚೌಕಗಳು ಹೆಚ್ಚುಕಡಿಮೆ ಕರಗಿ, ಪಟ್ಟಿ ಇರುವ ಜಾಗ ಬೇರೆಯಾಗಿ ಕಾಣುತ್ತದೆ.